ಡಾಕ್ಟರ್ ಹೇಳದ ಮಾತು

ನನ್ನ ಹೆಂಡತಿ ಕಾಶವ್ವ ತಿಂಗಳುಗಟ್ಟಲೆ ಒಬ್ಬ ತಪ್ಪಿಲ್ಲದ ಹೆಂಗಸನ್ನು ಬಾಯಿಗೆ ಬಂದಂತೆ ಬೈದಳು. ಬೈಯುವಾಗ ನಾನು ಎದುರಿಗೇ ಕೂತು ರೊಟ್ಟಿ ಮುರಿಯುತ್ತಿದ್ದೆ. ಒಂದು ದಿನವೂ "ಬಿಡು, ಪಾಪ, ಆಕಿದೇನೂ ತಪ್ಪಿಲ್ಲ" ಅನ್ನಲಿಲ್ಲ. ಅಂದಿದ್ದರೆ ತಪ್ಪು ಯಾರದು ಎಂಬುದನ್ನೂ ಹೇಳಬೇಕಾಗುತ್ತಿತ್ತು.

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಡುವೆ ಎಲ್ಲಾದರೂ ಜಾರಿಕೊಳ್ಳುವ ಬುದ್ಧಿ ನನಗಿದೆ.

ನನ್ನ ಹೆಸರು ದಾನಪ್ಪ. ಊರು ಸಿಂದಗಿ ತಾಲೂಕಿನಲ್ಲಿ. ಮುಂಬಯಿಗೆ ಬಂದು ಮೂವತ್ತೆಂಟು ವರ್ಷವಾಯಿತು. ಅಷ್ಟೂ ವರ್ಷ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದೇ ವರ್ಕ್‌ಶಾಪಿನಲ್ಲಿ ಲೋಹ ಕಡೆಯುವ ಲೇಥ್ ಮುಂದೆ ನಿಂತಿದ್ದೇನೆ. ಅಲ್ಲಿ ನನ್ನ ಕೈಗಿಂತ ನನ್ನ ಕಿವಿಗೆ ಹೆಚ್ಚು ಮರ್ಯಾದೆ. ಓಡುತ್ತಿರುವ ಮಷೀನಿನ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಆನಿಸಿ, ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಸಾಕು, ಒಳಗಿನ ಬೇರಿಂಗಿನ ಕಥೆಯೆಲ್ಲ ನನಗೆ ಕೇಳುತ್ತದೆ. ಗ್ರೀಸ್ ಒಣಗಿದೆಯೋ, ಗುಂಡು ಸವೆದಿದೆಯೋ, ಹೊಸದಾಗಿ ಹಾಕಿದ್ದು ಇನ್ನೂ ಬಿಗಿಯಾಗಿದೆಯೋ, ಬಿಚ್ಚದೆಯೇ ಹೇಳುತ್ತೇನೆ. ಅಕ್ಕಪಕ್ಕದ ವರ್ಕ್‌ಶಾಪಿನವರೂ "ದಾನಪ್ಪನನ್ನು ಕರೆಯಿರಿ" ಅನ್ನುತ್ತಾರೆ. ಹತ್ತು ಸಲ ಸರಿ ಹೇಳಿದವನಿಗೆ ಹನ್ನೊಂದನೇ ಸಲ ತಲೆ ತಿರುಗದೆ ಇರುತ್ತದೆಯೇ? ನನಗೂ ತಿರುಗಿತ್ತು.

ಕಾಶವ್ವ ಮುಂಬಯಿಗೆ ಬಂದದ್ದು ಆರು ವರ್ಷದ ಹಿಂದೆ, ನನ್ನ ಅವ್ವ ತೀರಿಕೊಂಡ ಮೇಲೆ. ಅಲ್ಲಿಯವರೆಗೆ ಆಕೆ ಊರಲ್ಲಿ ಅವ್ವನ ಚಾಕರಿ ಮಾಡಿಕೊಂಡಿದ್ದಳು, ನಾನು ಇಲ್ಲಿ ಖೋಲಿಯಲ್ಲಿ ನಾಲ್ಕು ಜನರ ಜೊತೆ ಬೇಯಿಸಿಕೊಂಡು ತಿನ್ನುತ್ತಿದ್ದೆ. ಈಗ ದಹಿಸರಿನಲ್ಲಿ ನಾವಿರುವ ಬಿಲ್ಡಿಂಗಿನಲ್ಲಿ ನಮ್ಮ ಕಡೆಯವರ ಐದು ಮನೆಗಳಿವೆ. ಹಾಗಾಗಿ ಆಕೆಗೆ ಬೇರೆ ಭಾಷೆ ಕಲಿಯುವ ಜರೂರು ಬೀಳಲಿಲ್ಲ. ಕಾಯಿಪಲ್ಲೆಯವನ ಮುಂದೆ ಎಷ್ಟು ಎನ್ನಲು "ಕಿತನಾ", ಬೇಡ ಎನ್ನಲು "ನಕೋ" ಅಂದರೆ ಅಂದಿನ ವ್ಯವಹಾರ ಮುಗಿಯಿತು. ಬ್ಯಾಂಕು, ರೇಶನ್ ಆಫೀಸು, ದವಾಖಾನೆ, ಎಲ್ಲ ಕಡೆ ನಾನು ಮುಂದೆ, ಆಕೆ ಹಿಂದೆ. "ನಮ್ಮವ್ರು ಮರಾಠಿ ಮಾತಾಡಿದ್ರ ಮರಾಠ್ಯಾರು ಬಾಯಿ ಬಿಟಗೊಂಡು ಕೇಳಬೇಕು" ಎಂದು ಕೆಳಗಿನ ಮನೆಯ ಸುಂದ್ರವ್ವನ ಮುಂದೆ ಕೊಚ್ಚಿಕೊಳ್ಳುತ್ತಿದ್ದಳು. ಅದನ್ನು ಕೇಳಿ ನಾನು ಉಬ್ಬುತ್ತಿದ್ದೆ.

ಹೋದ ವರ್ಷ ಗಣಪತಿ ಮುಳುಗಿಸಿದ ಮರುವಾರ ಆಕೆಯ ನೋವು ಶುರುವಾಯಿತು. ಬಲಗಿವಿಯ ಮುಂದೆ, ದವಡೆ ತಿರುಗುವ ಜಾಗದಲ್ಲಿ. ಮೊದಲು ಬಾಯಿ ತೆರೆದಾಗೊಮ್ಮೆ ಕಟ್ ಅನ್ನುತ್ತಿತ್ತು. ಆಮೇಲೆ ಅಗಿಯುವಾಗೆಲ್ಲ ಕರಕರ ಎನ್ನತೊಡಗಿತು. ಬೆಳಿಗ್ಗೆ ಎದ್ದರೆ ಅರ್ಧ ತಾಸು ಬಾಯಿ ಬಿಗಿಯಾಗಿರುತ್ತಿತ್ತು.

ಒಂದು ಭಾನುವಾರ ನಾನು ಆಕೆಯ ಕೆನ್ನೆಗೆ ಕಿವಿ ಹಚ್ಚಿ ಕೇಳಿದೆ. ಆಕೆ ನಕ್ಕಳು. "ಏನ ಕೇಳಾಕತ್ತೀರಿ? ನಾ ಏನ ನಿಮ್ಮ ಮಷೀನೇನು?"

"ಸುಮ್ಮ ಕೂಡು. ಬಾಯಿ ತಗಿ, ಮುಚ್ಚು. ಇನ್ನೊಮ್ಮಿ."

ಉಸುಕು ಹೊಕ್ಕ ಬೇರಿಂಗಿನ ಸದ್ದು. ನನಗೆ ಅನುಮಾನವೇ ಉಳಿಯಲಿಲ್ಲ. ಕೀಲು ಒಣಗಿದೆ, ಬಿಗಿದುಕೊಂಡಿದೆ. ಬಿಗಿದದ್ದನ್ನು ಓಡಿಸಿ ಓಡಿಸಿಯೇ ಸಡಿಲ ಮಾಡಬೇಕು. ಆದರೂ ಎಕ್ಸ್‌ರೇ ಒಂದು ಇರಲಿ ಎಂದು ಕಾಂದಿವಲಿ ಸ್ಟೇಷನ್ ಹತ್ತಿರದ ಒಂದು ದಂತದ ದವಾಖಾನೆಗೆ ಕರೆದುಕೊಂಡು ಹೋದೆ.

ಡಾಕ್ಟರ್ ರೂಪಾಲಿ ಅಂತ ಆಕೆಯ ಹೆಸರು. ಮೂವತ್ತೈದು ದಾಟಿರಲಿಕ್ಕಿಲ್ಲ. ಎಕ್ಸ್‌ರೇ ತೆಗೆಸಿದಳು, ಕಾಶವ್ವನ ಕಿವಿಯ ಮುಂದೆ ಬೆರಳಿಟ್ಟು ಒತ್ತಿದಳು, ಬಾಯಿ ಎಷ್ಟು ತೆರೆಯುತ್ತದೆ ಎಂದು ಸಣ್ಣ ಪಟ್ಟಿ ಇಟ್ಟು ಅಳೆದಳು. ಆಮೇಲೆ ನನ್ನ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದಳು. ಆಕೆಯ ಒಂದೊಂದು ಮಾತೂ ನನಗೆ ಅರ್ಥವಾಯಿತು, ತಿಳಿಯಲಿಲ್ಲ ಎಂದು ತಪ್ಪಿಸಿಕೊಳ್ಳಲು ನನಗೆ ದಾರಿ ಇಲ್ಲ.

"ಕಾಕಾ, ಕೀಲಿನ ಎಲುಬು ಸವೆಯಲು ಶುರುವಾಗಿದೆ. ಆದರೆ ಬರೀ ಸವಕಳಿ ಅಲ್ಲ. ಒಳಗೆ ಬಾವು ಬಂದಿದೆ. ಈಗಿನ ನೋವು ಅದರದ್ದೇ. ಅದು ಇಳಿಯುವವರೆಗೆ ದವಡೆಗೆ ಆರಾಮ ಬೇಕು. ಗಟ್ಟಿ ಪದಾರ್ಥ ಬೇಡ, ಕಡಕ್ ರೊಟ್ಟಿ ಮುಟ್ಟಲೇಬಾರದು. ಖಿಚಡಿ, ಅನ್ನ-ಸಾರು, ಮೆತ್ತಗಿನದು ತಿನ್ನಲಿ. ಬಾಯಿ ಪೂರ್ತಿ ತೆರೆಯಬಾರದು. ಬಿಸಿನೀರಿನ ಬಟ್ಟೆಯಿಂದ ಕಾವು ಕೊಡಿ. ಈ ಗುಳಿಗೆ ಹತ್ತು ದಿನ, ಊಟವಾದ ಮೇಲೆ. ಹತ್ತು ದಿನಕ್ಕೆ ಕರೆದುಕೊಂಡು ಬನ್ನಿ, ತಡ ಮಾಡಬೇಡಿ."

ನಾನು ಕಾಶವ್ವನ ಕೆನ್ನೆ ನೋಡಿದೆ. ಬಾವು ಅಂದರೆ ಉಬ್ಬಬೇಕು, ಕೆಂಪಾಗಬೇಕು, ಮುಟ್ಟಿದರೆ ಸುಡಬೇಕು. ಆಕೆಯ ಕೆನ್ನೆಯ ಮೇಲೆ ಏನೂ ಇರಲಿಲ್ಲ. ಈ ಹುಡುಗಿಗೆ ಏನು ಗೊತ್ತು, ಕೈಯಲ್ಲಿ ಒಂದು ದಿನ ಸ್ಪ್ಯಾನರ್ ಹಿಡಿದವಳಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಬಾಯಲ್ಲಿ ಮಾತ್ರ "ಹೋ ಡಾಕ್ಟರ್, ಹೋ" ಎಂದು ಒಪ್ಪಿಕೊಂಡೆ.

ಪ್ಲಾಟ್‌ಫಾರ್ಮಿನ ಮೇಲೆ ಗಾಡಿ ಕಾಯುವಾಗ ಕಾಶವ್ವ ಕೇಳಿದಳು, "ಏನ ಹೇಳಿದ್ರು ಡಾಕ್ಟರ್ ಬಾಯಾರು?"

"ಕೀಲು ಬಿಗದದಂತ. ಛಲೋತ್ನ್ಯಾಗ ಅಗಿಬೇಕಂತ. ದಿನಾ ಎರಡೂ ಹೊತ್ತು ಕಡಕ್ ರೊಟ್ಟಿ ತಿಂದ್ರ ತಾನ ಸಡಲ ಆಗತದಂತ."

"ಮತ್ತ ಗುಳಗಿ?"

"ಬ್ಯಾಡಂತ."

ಗುಳಿಗೆಯ ಚೀಟಿ ನನ್ನ ಕಿಸೆಯಲ್ಲಿತ್ತು.

ಯಾಕೆ ಹೀಗೆ ಹೇಳಿದೆ? ಮೂರು ಕಾರಣ ಕೊಡಬಲ್ಲೆ. ಒಂದು, ನನ್ನ ಕಿವಿಯ ಸೊಕ್ಕು. ಎರಡು, ನನ್ನ ಜೊತೆ ಕೆಲಸಕ್ಕಿದ್ದ ಪರಪ್ಪ ಮೊಣಕಾಲು ನೋವಿಗೆ ಯಾರನ್ನೂ ಕೇಳದೆ ವರ್ಷಗಟ್ಟಲೆ ನೋವಿನ ಗುಳಿಗೆ ನುಂಗಿ ಕಿಡ್ನಿ ಕೆಡಿಸಿಕೊಂಡು ಸತ್ತ. ಅವನ ಹೆಣಕ್ಕೆ ಹೆಗಲು ಕೊಟ್ಟವನು ನಾನು. ಆ ಹೆದರಿಕೆ ಸುಳ್ಳಲ್ಲ. ಈ ಎರಡನ್ನೂ ನಾನು ಆಮೇಲೆ ಎಲ್ಲರಿಗೂ ಹೇಳಿದ್ದೇನೆ. ಮೂರನೆಯದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಆಕೆ ಖಿಚಡಿ ತಿನ್ನಬೇಕು ಎಂದಾದರೆ ಮನೆಯಲ್ಲಿ ಖಿಚಡಿಯೇ ಆಗುತ್ತದೆ. ಮೂವತ್ತು ವರ್ಷ ಖೋಲಿಯಲ್ಲಿ ಹಸಿಬಿಸಿ ತಿಂದವನಿಗೆ ಕಾಶವ್ವನ ಕೈಯ ಕಡಕ್ ರೊಟ್ಟಿ ಆರು ವರ್ಷವಷ್ಟೇ ಸಿಕ್ಕಿತ್ತು. ಅದು ತಪ್ಪುವುದು ನನಗೆ ಬೇಡವಾಗಿತ್ತು. ನಾಚಿಕೆಗೇಡಿನ ಮಾತು, ಆದರೂ ನಿಜ.

ಅಷ್ಟಕ್ಕೇ ಬಿಟ್ಟಿದ್ದರೆ ಇಷ್ಟು ಕೆಡುತ್ತಿರಲಿಲ್ಲವೇನೋ. ನಾನು ಕಸುಬುದಾರ, ಸುಮ್ಮನೆ ಕೂಡುವವನಲ್ಲ. ಮರುದಿನ ಊಟದ ಹೊತ್ತಿನಲ್ಲಿ ನೈಲಾನ್ ರಾಡಿನ ತುಂಡೊಂದನ್ನು ಲೇಥಿಗೆ ಏರಿಸಿದೆ. ಮೆಟ್ಟಿಲು ಮೆಟ್ಟಿಲಾಗಿ ಕಡೆದೆ. ಮೊದಲ ಮೆಟ್ಟಿಲು ಇಪ್ಪತ್ತು ಮಿಲಿಮೀಟರ್, ಆಮೇಲೆ ಇಪ್ಪತ್ತೈದು, ಮೂವತ್ತು, ಮೂವತ್ತೈದು. ಹಲ್ಲಿಗೆ ತಾಗದಂತೆ ಅಂಚು ಉರುಟು ಮಾಡಿದೆ, ಗಾಜಿನಷ್ಟು ನುಣುಪು ಬರುವವರೆಗೆ ತಿಕ್ಕಿದೆ. ದಿನವೂ ಅದನ್ನು ಹಲ್ಲುಗಳ ನಡುವೆ ಕಚ್ಚಿ, ವಾರಕ್ಕೊಂದು ಮೆಟ್ಟಿಲು ಏರಿದರೆ ಬಾಯಿ ತೆರೆದುಕೊಳ್ಳಲೇಬೇಕು. ನನ್ನ ಕೈಯಿಂದ ಅಷ್ಟು ಚೆಂದದ ಕೆಲಸ ಹಿಂದೆ ಬಂದಿರಲಿಲ್ಲ.

ಮನೆಗೆ ತಂದು ಆಕೆಯ ಕೈಗಿಟ್ಟೆ. "ಡಾಕ್ಟರ್ ಕೊಟ್ಟಾರ. ದಿನಾ ಮುಂಜಾನೆ ಇದನ್ನ ಕಚ್ಚಿಕೊಂಡು ಹತ್ತು ಮಿನಿಟು ಕೂಡ್ರಬೇಕಂತ."

ನಾನೇ ಮಾಡಿದ್ದು ಎಂದಿದ್ದರೆ ಆಕೆ ನಕ್ಕು ಗೋಡೆಯ ಮಾಡದಲ್ಲಿ ಇಡುತ್ತಿದ್ದಳು. ಡಾಕ್ಟರ್ ಹೆಸರು ಹೇಳಿದರೆ ಲಿಂಗಪೂಜೆಯಷ್ಟೇ ನಿಷ್ಠೆಯಿಂದ ಮಾಡುತ್ತಾಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಮಾಡಿದಳು. ದಿನಾ ಮುಂಜಾನೆ ಜಳಕ ಮುಗಿಸಿ, ಪೂಜೆ ಮುಗಿಸಿ, ಅಡುಗೆಮನೆಯ ಕಿಟಕಿಯ ಹತ್ತಿರ ಕೂತು ಅದನ್ನು ಕಚ್ಚುತ್ತಿದ್ದಳು. ಗೋಡೆಯ ಗಡಿಯಾರ ನೋಡುತ್ತಿದ್ದಳು, ಒಂದು ಮಿನಿಟು ಕದಿಯುತ್ತಿರಲಿಲ್ಲ. ಕಣ್ಣಿಂದ ನೀರು ಇಳಿದು ಗದ್ದದವರೆಗೆ ಬರುತ್ತಿತ್ತು. ಸೆರಗಿನಿಂದ ಒರೆಸಿಕೊಂಡು ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಮೊದಲ ತಿಂಗಳು ಮೂವತ್ತರ ಮೆಟ್ಟಿಲಿಗೆ ಬಂದಳು. ನಾನು ಗೆದ್ದೆ ಅಂದುಕೊಂಡೆ. ಆಮೇಲೆ ಮೂವತ್ತು ಹೋಗದಾಯಿತು, ಇಪ್ಪತ್ತೈದಕ್ಕೆ ಇಳಿಯಿತು. "ನಡುವ ಬಿಟ್ಟಿರಬೇಕು ನೀ" ಎಂದೆ. "ಇಲ್ರೀ, ಒಂದಿನಾನೂ ಬಿಟ್ಟಿಲ್ಲ" ಎಂದಳು. "ಹಂಗಾರ ಇನ್ನಷ್ಟು ಜೋರು ಮಾಡು" ಎಂದೆ.

ಸದ್ದು ಹೆಚ್ಚಾದರೆ ಮೊದಲು ಮಷೀನು ನಿಲ್ಲಿಸು. ಇದು ಕೆಲಸಕ್ಕೆ ಬಂದ ಹೊಸಬರಿಗೆ ನಾನು ಕಲಿಸುವ ಮೊದಲ ಪಾಠ. ಮನೆಯಲ್ಲಿ ಅದು ನನಗೆ ನೆನಪಾಗಲಿಲ್ಲ. ನೆನಪಾಗಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಫೆಬ್ರವರಿ ಹೊತ್ತಿಗೆ ಆಕೆಯ ದವಡೆಯ ಕರಕರ ಎದುರು ಕೂತವರಿಗೆ ಕೇಳುವಷ್ಟಾಗಿತ್ತು. ಒಳಗೊಳಗೆ ನನಗೆ ಅಳುಕು ಹುಟ್ಟಿತ್ತು. ಆದರೆ ಈಗ ನಿಲ್ಲಿಸು ಎಂದರೆ, ಯಾಕೆ, ಡಾಕ್ಟರ್ ಹೇಳಿದರಲ್ಲ ಎಂದು ಆಕೆ ಕೇಳುತ್ತಾಳೆ. ಒಂದು ಸುಳ್ಳನ್ನು ಮುಚ್ಚಲು ಹೊದಿಕೆ ಹುಡುಕುತ್ತ ಇನ್ನೂ ಮೂರು ತಿಂಗಳು ಕಳೆದೆ.

ಆಕೆ ಬೈಯತೊಡಗಿದ್ದು ಆಗ. "ಎಂಥಾ ಡಾಕ್ಟರ್ ಅದು, ಮಂದಿ ಬಾಯಾಗ ಕಟಗಿ ತುರಕು ಅಂತ ಹೇಳಾಕಿ! ಆಕಿಗೆ ಒಮ್ಮಿ ಹಿಂಗ ನೋವು ಬಂದ್ರ ತಿಳೀತದ." ಸುಂದ್ರವ್ವ ಹಲ್ಲು ತೋರಿಸಲು ಅದೇ ಡಾಕ್ಟರ ಹತ್ತಿರ ಹೋಗುವವಳಿದ್ದಳು. ಕಾಶವ್ವ ಕೈ ಹಿಡಿದು ನಿಲ್ಲಿಸಿದಳು. ಬಿಲ್ಡಿಂಗಿನ ಹೆಂಗಸರಿಗೆಲ್ಲ ಆ ಹೆಸರು ಬೈಗುಳವಾಯಿತು. ಯಾರೋ ಹುಡುಗಿ ಕಷ್ಟಪಟ್ಟು ಕಟ್ಟಿಕೊಂಡ ಹೆಸರು, ನನ್ನ ಮನೆಯ ಅಡುಗೆಕೋಣೆಯಿಂದ ಕೆಡುತ್ತಾ ಹೋಯಿತು. ನಾನು ಕೇಳಿಸಿಕೊಂಡು ಕೈ ತೊಳೆಯುತ್ತಿದ್ದೆ.

ಮೇ ತಿಂಗಳ ಒಂದು ಮುಂಜಾನೆ ಕಾಶವ್ವ ನನ್ನ ಮುಂದೆ ಬಂದು ನಿಂತು ಬಾಯಿ ತೋರಿಸಿದಳು. ಎರಡು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ. ಚಹಾ ಕುಡಿಯಲು ಬಟ್ಟಲನ್ನು ಓರೆ ಹಿಡಿಯಬೇಕಾಯಿತು. ಹಲ್ಲುಗಳ ಸಂದಿಯಿಂದಲೇ ಮಾತಾಡಿದಳು, "ನಡೀರಿ, ದವಾಖಾನಿಗೆ ಹೋಗೂಣು."

"ಗೋರೆಗಾಂವಿನ್ಯಾಗ ಒಬ್ಬ ದೊಡ್ಡ ಡಾಕ್ಟರ್ ಇದ್ದಾನಂತ. ಅಲ್ಲಿ ಹೋಗೂಣು" ಎಂದೆ ನಾನು.

"ಬ್ಯಾಡ. ಅದೇ ಡಾಕ್ಟರ್ ಬಾಯಿ ಕಡೆ ಕರಕೊಂಡ ನಡೀರಿ. ಮಾರಿಗೆ ಮಾರಿ ಕೊಟ್ಟು ಕೇಳ್ತೀನಿ ಆಕಿನ್ನ. ಎಂಟು ತಿಂಗಳು ಆಕಿ ಹೇಳಿದ್ದೆಲ್ಲ ಮಾಡೀನಿ, ನನಗ ಯಾಕ ಹಿಂಗಾತು ಅಂತ ಕೇಳ್ತೀನಿ. ನಾ ಅಂದದ್ದು ಅಂದಂಗ ನೀವು ಮರಾಠ್ಯಾಗ ಹೇಳ್ರಿ."

ನೈಲಾನಿನ ಆ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡಳು.

ದಹಿಸರಿನಲ್ಲಿ ಲೋಕಲ್ ಹತ್ತಿದೆವು. ಮಧ್ಯಾಹ್ನದ ಗಾಡಿ, ಕೂಡಲು ಜಾಗ ಸಿಕ್ಕಿತು. ಈಗಲೇ ಹೇಳಿಬಿಡೋಣ ಎಂದುಕೊಂಡೆ. ಬೋರಿವಲಿ ಬರಲಿ, ಜನ ಇಳಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ಬೋರಿವಲಿ ಬಂತು. ಇಳಿದವರಿಗಿಂತ ಹತ್ತಿದವರು ಹೆಚ್ಚಾದರು. ಕಾಶವ್ವ ಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು, ಕೇಳಬೇಕಾದ ಮಾತುಗಳನ್ನು ತುಟಿಯಲ್ಲೇ ಜೋಡಿಸುತ್ತಿದ್ದಳು. ಕಾಂದಿವಲಿಯೂ ಬಂದುಬಿಟ್ಟಿತು. ಇಷ್ಟು ವರ್ಷದಲ್ಲಿ ಆ ದಾರಿ ಅಷ್ಟು ಬೇಗ ಮುಗಿದದ್ದು ಅದೇ ಮೊದಲು.

ದವಾಖಾನೆಯಲ್ಲಿ ಹೆಸರು ಬರೆದುಕೊಳ್ಳಲು ಹೊಸಬಳೊಬ್ಬಳು ಕೂತಿದ್ದಳು. ಕಾಶವ್ವ ನನಗೆ ಏನೋ ಹೇಳಿದ್ದು ಕೇಳಿ ಮುಖ ಅರಳಿಸಿದಳು. "ಮಾವಶಿ, ನೀವು ಕನ್ನಡದಾರೇನ್ರಿ? ನಾ ವೈಶಾಲಿ. ನಮ್ಮದು ಖಾನಾಪುರ, ಬೆಳಗಾವಿ ಕಡೆ."

ಕಾಶವ್ವ ಆಕೆಯ ಕೈಯನ್ನೇ ಹಿಡಿದುಕೊಂಡಳು. "ನೀನೂ ಒಳಗ ಬಾರವ್ವ ಹಂಗಾರ. ಹೆಣ್ಣಮಕ್ಕಳ ಮಾತು ಹೆಣ್ಣಮಕ್ಕಳಿಗೆ ತಿಳೀತದ."

"ಏ ಬ್ಯಾಡ ಬ್ಯಾಡ" ಎಂದೆ ನಾನು ನಡುವೆ ಬಾಯಿ ಹಾಕಿ. "ಪಾಪ, ಆಕಿಗೆ ಕೆಲಸ ಇರ್ತಾವ. ನಾ ಇದ್ದೀನಲ್ಲ."

ನಾನು ಇದ್ದೀನಲ್ಲ! ಎಷ್ಟು ಸಲ ಅಂದಿರಬಹುದು ಆ ಮಾತನ್ನು.

ಡಾಕ್ಟರಿಗೆ ನಮ್ಮ ಗುರುತು ಸಿಕ್ಕಿತು. ಹಳೆಯ ಕಾಗದ ತೆಗೆದು, "ಕಾಕಾ, ಹತ್ತು ದಿನಕ್ಕೆ ಬನ್ನಿ ಎಂದರೆ ಎಂಟು ತಿಂಗಳಿಗೆ ಬಂದಿರಲ್ಲ" ಎಂದಳು. ಬಾಯಿ ಅಳೆದಳು. ಹೋದ ಸಲ ಇಪ್ಪತ್ತೆಂಟು ಮಿಲಿಮೀಟರ್, ಈ ಸಲ ಇಪ್ಪತ್ತೆರಡು. ಮತ್ತೆ ಎಕ್ಸ್‌ರೇ ತೆಗೆಸಿ, ಹಳೆಯದರ ಪಕ್ಕಕ್ಕಿಟ್ಟು ತುಂಬಾ ಹೊತ್ತು ನೋಡಿದಳು. ದವಡೆಯ ಎಲುಬಿನ ಗುಂಡಗಿದ್ದ ತುದಿ ಈಗ ಚಪ್ಪಟೆಯಾಗಿ, ಒಂದು ಕಡೆ ಇಲಿ ತಿಂದಂತೆ ಕಾಣುತ್ತಿತ್ತು. ಅಳತೆ ಓದುವವನಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಕಾಶವ್ವ ಚೀಲದಿಂದ ಗಂಟು ತೆಗೆದಳು. ಬಟ್ಟೆ ಬಿಚ್ಚಿ ನೈಲಾನಿನ ತುಂಡನ್ನು ಡಾಕ್ಟರ ಮೇಜಿನ ಮೇಲೆ ಠಕ್ಕೆಂದು ಇಟ್ಟಳು. "ಕೇಳ್ರಿ ಇವರಿಗೆ. ಇದನ್ನ ಕೊಟ್ಟು ನನ್ನ ಬಾಯಿ ಯಾಕ ಹಾಳ ಮಾಡಿದ್ರಿ ಅಂತ ಕೇಳ್ರಿ. ಕೇಳ್ರೀ!"

ಡಾಕ್ಟರ್ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. "ಏನಿದು? ಇವರು ಏನು ಹೇಳುತ್ತಿದ್ದಾರೆ?"

ಇಬ್ಬರೂ ನನ್ನನ್ನು ನೋಡುತ್ತಿದ್ದರು. ಬಾಯಿಗೆ ಬಂದದ್ದು ಮತ್ತೊಂದು ಸುಳ್ಳು. "ಊರಿನ ಒಬ್ಬ ನಾಟಿ ವೈದ್ಯ ಕೊಟ್ಟಿದ್ದ, ಡಾಕ್ಟರ್. ಅದನ್ನ ಬಾಯಲ್ಲಿ ಇಟ್ಟುಕೊಂಡು ಹೀಗೆ ಮಾಡಿಕೊಂಡಿದ್ದಾಳೆ" ಎಂದೆ ಮರಾಠಿಯಲ್ಲಿ.

ಡಾಕ್ಟರ ಮುಖ ಕೆಂಪಾಯಿತು. ಕಾಶವ್ವನ ಕಡೆಗೇ ತಿರುಗಿ ಗದರಿದಳು. ಇಷ್ಟು ವಯಸ್ಸಾದ ಮೇಲೂ ಬುದ್ಧಿ ಬೇಡವೇ, ಯಾರೋ ಹೇಳಿದರೆಂದು ಬಾವು ಬಂದ ಕೀಲನ್ನು ಹೀಗೆ ಹಿಗ್ಗಿಸುವುದೇ, ನಿಮ್ಮ ಶರೀರದ ಕಾಳಜಿ ನಿಮಗಿಲ್ಲವೇ ಎಂದು. ಕಾಶವ್ವನಿಗೆ ಮಾತು ತಿಳಿಯಲಿಲ್ಲ, ಸಿಟ್ಟು ತಿಳಿಯಿತು. ಜಗಳಕ್ಕೆಂದು ಬಂದವಳು ಕುಗ್ಗಿಹೋದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ತಪ್ಪು ಮಾಡಿದ ಶಾಲೆಯ ಹುಡುಗಿಯ ಹಾಗೆ ಕೈ ತೊಡೆಯ ಮೇಲಿಟ್ಟುಕೊಂಡಳು. ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದಳು:

"ಯಾಕ ಸಿಟ್ಟಾಗ್ಯಾರ? ನಾ ಏನರ ಕಡಿಮಿ ಮಾಡೀನೇನು? ಇನ್ನೂ ಜಾಸ್ತಿ ಕಚ್ಚಬೇಕಿತ್ತೇನು? ದಿನಾ ಮಾಡೀನಿ ಅಂತ ಹೇಳ್ರಿ. ಜ್ವರ ಬಂದಾಗೂ ಬಿಟ್ಟಿಲ್ಲ ಅಂತ ಹೇಳ್ರಿ."

ಅದನ್ನು ನಾನು ಮರಾಠಿಗೆ ಹೇಗೆ ತಿರುಗಿಸಲಿ? ಇಷ್ಟು ದಿನ ಒಳಗೆ ಒತ್ತಿಟ್ಟದ್ದೆಲ್ಲ ಒಮ್ಮೆಲೇ ಮೇಲೆ ಬಂತು. ಡಾಕ್ಟರ ಕಡೆ ನೋಡಿ, "ನಾಟಿ ವೈದ್ಯ ಸುಳ್ಳು. ಅದನ್ನ ನಾನು ಮಾಡಿದ್ದು" ಎಂದೆ. "ನೀವು ಕೊಟ್ಟಿದ್ದೀರಿ ಅಂತ ಹೇಳಿದೆ. ಗಟ್ಟಿ ರೊಟ್ಟಿ ಅಗಿ ಅಂತ ನೀವು ಹೇಳಿದ್ದೀರಿ ಅಂತ ಹೇಳಿದೆ. ಗುಳಿಗೆ ಕೊಡಲೇ ಇಲ್ಲ. ಇವಳು ಮಾಡಿದ್ದೆಲ್ಲ ನಿಮ್ಮ ಮಾತು ಅಂತ ನಂಬಿ ಮಾಡಿದ್ದು."

ಬೇರೆಯವರ ಭಾಷೆಯಲ್ಲಿ ತಪ್ಪೊಪ್ಪಿಕೊಳ್ಳುವುದು ಸುಲಭ. ಸರಸರ ಹೇಳಿಬಿಟ್ಟೆ. ಡಾಕ್ಟರ್ ನೈಲಾನಿನ ತುಂಡನ್ನು ನನ್ನ ಮುಂದಕ್ಕೆ ಸರಿಸಿದಳು.

"ನನಗಲ್ಲ. ಇವರಿಗೆ ಹೇಳಿ. ಈಗ, ಇಲ್ಲೇ."

ಕನ್ನಡದಲ್ಲಿ ಅದು ಅಷ್ಟು ಸರಸರ ಬರಲಿಲ್ಲ. "ಕಾಶೀ" ಎಂದೆ. ಹಾಗೆ ಕರೆದು ಎಷ್ಟು ವರ್ಷವಾಗಿತ್ತೋ. "ಡಾಕ್ಟರ್ ಅಂಥಾದ್ದೇನೂ ಹೇಳಿದ್ದಿಲ್ಲ. ಮೆತ್ತಂದು ತಿನ್ಲಿ, ದವಡಿಗೆ ಆರಾಮ ಕೊಡ್ರಿ ಅಂದಿದ್ರು. ಗುಳಗಿ ಬರದಿದ್ರು. ನಾ... ನಾ ನನಗ ತಿಳದದ್ದ ನಿನಗ ಹೇಳಿದ್ನಿ. ಇದನ್ನೂ ನಾನ ಮಾಡಿದ್ದು."

ಆಕೆ ನನ್ನನ್ನು ನೋಡಲಿಲ್ಲ. ಆ ತುಂಡನ್ನು ಎತ್ತಿ ಅದರ ಮೆಟ್ಟಿಲುಗಳ ಮೇಲೆ ಹೆಬ್ಬೆರಳು ಆಡಿಸಿದಳು.

"ನಾ ಅಳೋದು ನೀವು ನೋಡ್ತಿದ್ರಿ" ಎಂದಳು.

ಅಷ್ಟೇ. ಬೈಯುತ್ತಾಳೆಂದು ಕಾದೆ. ಇಷ್ಟು ದಿನ ಬೇರೆಯವರಿಗೆ ಬಿದ್ದ ಬೈಗುಳವೆಲ್ಲ ನನ್ನದು, ಈಗಲಾದರೂ ಕೊಡಲಿ ಎಂದು ಕಾದೆ. ಕೊಡಲಿಲ್ಲ.

ಡಾಕ್ಟರ್ ಗಂಟೆ ಒತ್ತಿ ವೈಶಾಲಿಯನ್ನು ಕರೆದಳು. "ನಾನು ಹೇಳುವುದನ್ನು ಇವರಿಗೆ ಕನ್ನಡದಲ್ಲಿ ಹೇಳು. ಒಂದು ಮಾತೂ ಬಿಡಬೇಡ, ಒಂದು ಮಾತೂ ಸೇರಿಸಬೇಡ." ವೈಶಾಲಿ ಕಾಶವ್ವನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಜಾಗ ಸಾಲದೆ ನಾನು ಎದ್ದು ಗೋಡೆಗೆ ಒರಗಿ ನಿಂತೆ. ಎಂಟು ತಿಂಗಳ ಹಿಂದೆ ನಾನು ಹೇಳಬೇಕಾಗಿದ್ದ ಮಾತನ್ನು ಬೇರೆಯವರ ಬಾಯಿಂದ ಕೇಳಿದೆ.

"ಮಾವಶಿ, ಕೀಲಿನ ಎಲುಬಿನ ನಡುವ ಒಂದು ಮೆತ್ತನ ಗಾದಿ ಇರ್ತೈತ್ರಿ. ಅದು ಸವೀತೈತಿ. ಸವದ ಚೂರು ಒಳಗ ಬಿದ್ದು ಸುತ್ತಲಿನ ಪದರಕ್ಕ ಬಾವು ಬರ್ತೈತಿ. ಬಾವು ಬಂದ್ರ ಕೀಲಿನ ಒಳಗಿನ ನೀರು ಕೆಡ್ತೈತಿ. ಆ ಕೆಟ್ಟ ನೀರು ತಿರುಗಿ ಎಲುಬು ತಿಂತೈತಿ. ಎಲುಬು ತಿಂದಂಗ ಬಾವು ಹೆಚ್ಚು, ಬಾವು ಹೆಚ್ಚಾದಂಗ ಎಲುಬು ತಿನ್ನೋದು ಹೆಚ್ಚು. ಹೊರಗ ಮಾರಿ ಮ್ಯಾಲ ಏನೂ ಕಾಣಂಗಿಲ್ರಿ. ಬೂದಿ ಮುಚ್ಚಿದ ಕೆಂಡ ಇದ್ದಂಗ."

ಕೊನೆಯ ಮಾತು ಡಾಕ್ಟರದಲ್ಲ, ವೈಶಾಲಿಯದು. ಅದೊಂದು ಸೇರಿಸಿದ್ದಕ್ಕೆ ನಾನು ಏನು ಹೇಳಲಿ?

"ನಾ ಗಟ್ಟಿ ಅಗದದ್ದಕ್ಕ ಹೆಚ್ಚಾತೇನವ್ವ?" ಕಾಶವ್ವ ಕೇಳಿದಳು.

ವೈಶಾಲಿ ನನ್ನತ್ತ ಒಮ್ಮೆ ನೋಡಿ, ಪ್ರಶ್ನೆಯನ್ನು ಡಾಕ್ಟರಿಗೆ ದಾಟಿಸಿದಳು. ಡಾಕ್ಟರ್ ಮುಚ್ಚಿಡಲಿಲ್ಲ. ಸ್ವಲ್ಪ ಸವಕಳಿ ಹೇಗಿದ್ದರೂ ಆಗುತ್ತಿತ್ತು. ಬಾವಿನ ಮೇಲೆ ಭಾರ ಬಿದ್ದದ್ದರಿಂದ ಕೆಟ್ಟದ್ದು ಬೇಗ ಕೆಟ್ಟಿತು. ತಿಂದುಹೋದ ಎಲುಬು ಮೊದಲಿನಂತೆ ಬೆಳೆಯುವುದಿಲ್ಲ. ನೋವು ಇಳಿಸಬಹುದು, ಬಾಯಿಯನ್ನು ಇನ್ನಷ್ಟು ತೆರೆಸಬಹುದು. ಮೊದಲು ಗುಳಿಗೆ, ಕಾವು, ಮೆತ್ತಗಿನ ಊಟ. ಅಷ್ಟಕ್ಕೆ ಇಳಿಯದಿದ್ದರೆ ಸೂಜಿ ಹಾಕಿ ಕೀಲಿನೊಳಗಿನ ಕೆಟ್ಟ ನೀರನ್ನು ತೊಳೆಯಬೇಕು.

ಹೊರಡುವಾಗ ನಾನು ಡಾಕ್ಟರಿಗೆ ಕೈಮುಗಿದೆ. "ಬೇರಿಂಗ್ ಅಂದುಕೊಂಡಿದ್ದೆ" ಎಂದೆ, ಅದೇನೋ ದೊಡ್ಡ ಸಮಜಾಯಿಷಿ ಎಂಬಂತೆ.

"ಬೇರಿಂಗ್ ಸವೆಯುತ್ತದೆ ಕಾಕಾ, ಅಷ್ಟೇ" ಎಂದಳು ಆಕೆ. "ಅದಕ್ಕೆ ನೋವಾಗುವುದಿಲ್ಲ."

ಆ ಸಂಜೆ ಯಾರೂ ಹೇಳದೆ ಸುಂದ್ರವ್ವನ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ, ಆ ಡಾಕ್ಟರದು ಏನೂ ತಪ್ಪಿಲ್ಲ, ಹಲ್ಲು ತೋರಿಸಲು ಅಲ್ಲಿಗೇ ಹೋಗು ಎಂದೆ. ಆಕೆ ಸೊಂಟಕ್ಕೆ ಕೈ ಇಟ್ಟುಕೊಂಡು ಕೇಳಿದಳು. "ಅಣ್ಣಾರ, ನಿಮ್ಮಂಥ ಶಾಣ್ಯಾರು ಮನ್ಯಾಗಿದ್ರ ವೈರಿ ಬ್ಯಾರೆ ಯಾಕ ಬೇಕ್ರಿ?" ಎಂದು ಬಾಗಿಲು ಹಾಕಿಕೊಂಡಳು. ಬೈಸಿಕೊಂಡಿದ್ದು ಹಿತವೆನಿಸಿತು. ಆದರೆ ಅದು ಬೇಕಾದವರ ಬಾಯಿಂದ ಬಂದದ್ದಲ್ಲ.

ಕಾಶವ್ವ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಒಳ್ಳೆಯದಿತ್ತು. ಊಟಕ್ಕೆ ಕರೆಯುತ್ತಿದ್ದಳು, ನೀರು ಬಂತು ಅನ್ನುತ್ತಿದ್ದಳು, ಮಗಳು ವಂದನಾ ಹುಬ್ಬಳ್ಳಿಯಿಂದ ಫೋನ್ ಮಾಡಿದರೆ "ಅಪ್ಪಗ ಕೊಡ್ತೀನಿ ತಡಿ" ಅನ್ನುತ್ತಿದ್ದಳು. ಮಗಳಿಗೆ ನಡೆದದ್ದನ್ನು ಹೇಳಲಿಲ್ಲ, ನಾನೂ ಹೇಳಲಿಲ್ಲ. ಗುಳಿಗೆಯನ್ನು ನಾನು ತಂದು ಕೊಟ್ಟರೆ ಸುಮ್ಮನೆ ತೆಗೆದುಕೊಳ್ಳುತ್ತಿದ್ದಳು, ಆದರೆ ನುಂಗುವ ಮುಂಚೆ ಕಾಗದ ಹಿಡಿದು ಸುಂದ್ರವ್ವನ ಮನೆಗೆ ಇಳಿದು ಹೋಗುತ್ತಿದ್ದಳು. ಸುಂದ್ರವ್ವನ ಸೊಸೆ ಓದಿ ಹೇಳಿದ ಮೇಲೆ ಮೇಲೆ ಬಂದು ನುಂಗುತ್ತಿದ್ದಳು. ದಿನಕ್ಕೆ ಎರಡು ಸಲ ಆಕೆಯ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಗುವುದನ್ನು ಕೇಳುತ್ತ ಕೂತಿರುತ್ತಿದ್ದೆ.

ನೋವು ಅರ್ಧ ಇಳಿಯಿತು, ಬಾಯಿ ತೆರೆಯಲಿಲ್ಲ. ತೊಳೆಯಲೇಬೇಕು ಎಂದಳು ಡಾಕ್ಟರ್.

ಜೂನಿನ ಮೊದಲ ಶನಿವಾರ ಕರೆದುಕೊಂಡು ಹೋದೆ. ಒಳಗೆ ಹೋಗುವ ಹೊತ್ತಿಗೆ ಅಭ್ಯಾಸಬಲದಿಂದ ನಾನೂ ಎದ್ದೆ. ಕಾಶವ್ವ ಕೈ ಅಡ್ಡ ಹಿಡಿದಳು. "ನೀವು ಇಲ್ಲೇ ಕೂಡ್ರಿ. ವೈಶಾಲಿ ಇದ್ದಾಳ."

ಕೂತೆ. ಒಪ್ಪಿಗೆ ಕಾಗದವನ್ನು ವೈಶಾಲಿ ಆಕೆಗೆ ಓದಿ ಹೇಳುವುದು ಬಾಗಿಲ ಸಂದಿಯಿಂದ ಕೇಳುತ್ತಿತ್ತು. ಕಾಶವ್ವ ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದಳು. ಸೂಜಿ ಎಷ್ಟು ಉದ್ದ, ನೋಯುತ್ತದೆಯೇ, ಎಷ್ಟು ದಿನಕ್ಕೆ ಗುಣ. ಇಷ್ಟೆಲ್ಲ ಕೇಳುವುದು ಆಕೆಯ ಮನಸ್ಸಿನಲ್ಲಿ ಇತ್ತೇ? ಮೊದಲ ಸಲ ಬಂದಾಗ ಆಕೆಗೆ ಏನಾದರೂ ಕೇಳುವುದಿದೆಯೇ ಎಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ಕೊನೆಗೆ ಆಕೆ ಕಾಗದದ ಮೇಲೆ ತಾನೇ ಸಹಿ ಹಾಕಿದಳು.

ಮುಕ್ಕಾಲು ತಾಸಿನ ಮೇಲೆ ಬಾಗಿಲು ತೆರೆಯಿತು. ಕಿವಿಯ ಮುಂದೆ ಹತ್ತಿ ಅಂಟಿಸಿದ್ದರು. ಡಾಕ್ಟರ್ ಹೊಸ್ತಿಲವರೆಗೆ ಬಂದು ಮರಾಠಿಯಲ್ಲಿ ಏನೋ ಹೇಳುತ್ತಿದ್ದಳು, ವೈಶಾಲಿ ಕನ್ನಡ ಮಾಡುತ್ತಿದ್ದಳು. ನಡುವೆ ಒಮ್ಮೆ ವೈಶಾಲಿಗೂ ಕಾಯದೆ ಕಾಶವ್ವ ತಾನೇ ಮರಾಠಿಯಲ್ಲಿ "ಪಂಧ್ರಾ ದಿವಸ?" ಎಂದು, ಹದಿನೈದು ದಿನವೇ ಎಂದು ಕೇಳಿದಳು. ಡಾಕ್ಟರ್ ನಕ್ಕು, "ಹೋ, ಪಂಧ್ರಾ ದಿವಸ" ಎಂದು ಆಕೆಯ ಭುಜ ತಟ್ಟಿದಳು. ಗದ್ದಲದಲ್ಲಿ ಉಳಿದದ್ದು ನನಗೆ ಕೇಳಿಸಲಿಲ್ಲ. ನಾನು ಎದ್ದು ಹತ್ತಿರ ಹೋಗುವಷ್ಟರಲ್ಲಿ ಮುಗಿದಿತ್ತು.

"ಏನ ಹೇಳಿದ್ರು?" ಎಂದೆ. ಬಾಯಿ ಎಷ್ಟು ತೆರೆಯಿತು, ಕೀಲು ಉಳಿಯುತ್ತದೆಯೇ, ಮುಂದೆ ಏನು, ಎಲ್ಲ ಆ ಒಂದು ಮಾತಿನಲ್ಲಿ ಕೇಳಿದ್ದೆ.

ಕಾಶವ್ವ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು.

"ನನಗ ಹೇಳ್ಯಾರ" ಎಂದಳು, ನನಗಿಂತ ಮುಂದೆ ನಡೆದಳು.